ಕೈ ಬದಲಾದರೂ ಕೆಲಸ ನಿಲ್ಲದಿರಲಿ: ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಎಲ್ಲ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಅತಿಥಿ ಉಪನ್ಯಾಸಕ. ಈ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷ ಆಯಿತು. ಈ ಪತ್ರವನ್ನು ಮುಖ್ಯಮಂತ್ರಿಗಳಿಗೋ ಉನ್ನತ ಶಿಕ್ಷಣ ಸಚಿವರಿಗೋ ಬರೆಯಬಹುದಿತ್ತು. ಆದರೆ ನನ್ನ ದೂರು ಒಂದು ಪಕ್ಷದ ಮೇಲಾಗಲಿ, ಒಂದು ಸರ್ಕಾರದ ಮೇಲಾಗಲಿ ಇಲ್ಲ. ಒಂದು ಸರ್ಕಾರ ಹೋಗಿ ಇನ್ನೊಂದು ಬರುವಾಗ ನಮ್ಮಂಥ ಕಡೆ ಏನೇನು ಮುರಿದುಬೀಳುತ್ತದೆ ಅನ್ನುವುದೇ ನನ್ನ ದೂರು. ಅದಕ್ಕೇ ಆಡಳಿತ ಪಕ್ಷದವರಿಗೂ ವಿರೋಧ ಪಕ್ಷದವರಿಗೂ ಒಟ್ಟಿಗೇ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಮೊದಲು ನಾನು ಕಣ್ಣಾರೆ ಕಂಡದ್ದು.

2022ರಲ್ಲಿ ನಮ್ಮ ಕಾಲೇಜಿನಲ್ಲಿ ಮುಕ್ತ ಆಯ್ಕೆಯ ವಿಷಯ ಅಂತ ಒಂದಿತ್ತು. ವಿಜ್ಞಾನ ಓದುವ ಹುಡುಗರೂ ಬಿಕಾಂ ಹುಡುಗಿಯರೂ ಇತಿಹಾಸದ ಒಂದು ಪೇಪರ್ ತೆಗೆದುಕೊಳ್ಳಬಹುದಿತ್ತು. ನನ್ನ ಕ್ಲಾಸಿಗೆ ನಲವತ್ತೊಂದು ಮಕ್ಕಳು ಬಂದರು. ಸುಮ್ನೆ ನೋಟ್ಸ್ ಬರೆಸುವ ಬದಲು ಅವರನ್ನು ಊರಾಚೆ ಕೆರೆ ಏರಿಗೆ ಕರೆದುಕೊಂಡು ಹೋದೆ. ಅಲ್ಲಿ ಲಂಟಾನ ಪೊದೆಯಲ್ಲಿ ಅರ್ಧ ಹೂತುಹೋದ ಒಂದು ವೀರಗಲ್ಲಿದೆ. ಊರವರು ಅದಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚುತ್ತಾರೆ. ಅದರ ಮೇಲೆ ಅಕ್ಷರ ಇದೆ ಅಂತ ಎಲ್ಲರಿಗೂ ಗೊತ್ತಿತ್ತು, ಏನು ಬರೆದಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಎರಡು ಶನಿವಾರ ಬರೀ ಕಲ್ಲು ತೊಳೆಯುವುದಕ್ಕೇ ಹೋಯಿತು. ಎಣ್ಣೆಯ ಜಿಡ್ಡು ಬಿಡಿಸುವುದು ಸುಲಭ ಅಲ್ಲ. ಮೂರನೇ ಶನಿವಾರ ಪಡಿಯಚ್ಚು ತೆಗೆದೆವು. ಕಾಗದವನ್ನು ನೀರಲ್ಲಿ ನೆನೆಸಿ ಕಲ್ಲಿನ ಮೇಲೆ ಹಾಸಬೇಕು. ಬ್ರಷ್ಷಿನಿಂದ ಮೆತ್ತಗೆ ಬಡಿಯುತ್ತಾ ಹೋದರೆ ಕಾಗದ ಅಕ್ಷರದ ಗುಳಿಯೊಳಗೆ ಕೂರುತ್ತದೆ. ಅರ್ಧ ಒಣಗಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಬೇಕು. ಆಗ ಕಾಗದದ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಆ ಬೆಳ್ಳನೆ ಅಕ್ಷರ ಮೇಲೆದ್ದ ಕ್ಷಣದಲ್ಲಿ ನಲವತ್ತೊಂದು ಮಕ್ಕಳು ಒಟ್ಟಿಗೆ ಸುಮ್ಮನಾದದ್ದು ನನಗೆ ಇವತ್ತಿಗೂ ನೆನಪಿದೆ.

ಓದಲು ಕೂತೆವು. ಎರಡನೇ ಸಾಲಿನಲ್ಲಿ 'ತುಱು' ಅಂತ ಇತ್ತು. ಆ ಹಳೆಯ 'ಱ' ಅಕ್ಷರವನ್ನು ಮಕ್ಕಳು ನೋಡಿದ್ದೇ ಮೊದಲ ಸಲ. ನಾನು ವಿವರಿಸುವ ಮೊದಲೇ ಹಿಂದಿನಿಂದ ಒಬ್ಬ ಹುಡುಗ, 'ತುರು ಅಂದ್ರೆ ದನ ಅಲ್ವಾ ಸಾರ್, ನಮ್ಮಜ್ಜಿ ಹಂಗೇ ಅಂತಾರೆ' ಅಂದ. ಹೌದು. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಬಿಡಿಸಿಕೊಂಡು ಬಂದು ಸತ್ತವನ ಕಲ್ಲು ಅದು. ನೂರು ವರ್ಷಕ್ಕೂ ಹಿಂದೆ ನಮ್ಮ ಕಡೆಯ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ಶಾಸನ ಸಂಪುಟವನ್ನು ಲೈಬ್ರರಿಯಲ್ಲಿ ತೆಗೆದು ನಮ್ಮ ತಾಲ್ಲೂಕಿನ ಪಟ್ಟಿ ನೋಡಿದೆವು. ಆ ಊರಿನ ದೇವಸ್ಥಾನದ ಒಂದು ಶಾಸನ ಇತ್ತು. ಈ ಕಲ್ಲು ಇರಲಿಲ್ಲ.

ಆಮೇಲೆ ಮಕ್ಕಳನ್ನು ಹಿಡಿಯುವವರೇ ಇರಲಿಲ್ಲ. ಎರಡು ವರ್ಷದಲ್ಲಿ ಸುತ್ತಲಿನ ಹಳ್ಳಿಗಳಿಂದ ಹದಿನೇಳು ಪಡಿಯಚ್ಚು ತಂದರು. ಒಬ್ಬ ಬಿಕಾಂ ಹುಡುಗಿ ಹಳಗನ್ನಡ ಕಲಿಯಲು ಶುರು ಮಾಡಿದಳು. ಒಂದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಬಂದು ನೋಡಿ, ಇದನ್ನು ತಮ್ಮ ಯೋಜನೆಯಲ್ಲಿ ಸೇರಿಸಿಕೊಂಡು ಪುಸ್ತಕ ಮಾಡೋಣ ಅಂದರು.

ಅಷ್ಟರಲ್ಲಿ ಆ ವಿಶ್ವವಿದ್ಯಾಲಯದ ಕುಲಪತಿಗಳ ಅವಧಿ ಮುಗಿಯಿತು. ಬಂದ ಪ್ರಭಾರ ಕುಲಪತಿಗಳು ಹಣದ ಯಾವ ಕಡತಕ್ಕೂ ಸಹಿ ಹಾಕಲಿಲ್ಲ. ಪ್ರಭಾರದಲ್ಲಿ ಇರುವವರು ಹಾಕುವುದೂ ಕಷ್ಟವೇ, ಅವರನ್ನು ದೂರುವುದಿಲ್ಲ. 2024ರಲ್ಲಿ ಪದವಿಯ ಪದ್ಧತಿಯೇ ಬದಲಾಯಿತು. ಹೊಸ ಬ್ಯಾಚಿನ ವೇಳಾಪಟ್ಟಿಯಲ್ಲಿ ನಮ್ಮ ಪೇಪರಿಗೆ ಜಾಗ ಇರಲಿಲ್ಲ. ಪೇಪರ್ ಹೋದ ಮೇಲೆ ನನ್ನ ಕಾರ್ಯಭಾರ ಕಡಿಮೆಯಾಯಿತು, ಅತಿಥಿ ಉಪನ್ಯಾಸಕರಿಗೆ ಕಾಲೇಜು ಹಂಚುವ ಕೌನ್ಸೆಲಿಂಗಿನಲ್ಲಿ ಬೇರೆ ಕಾಲೇಜಿಗೆ ಹೋಗಬೇಕಾಯಿತು. ಒಂದು ವರ್ಷದ ನಂತರ ತಿರುಗಿ ಬಂದು ಬೀರು ತೆಗೆದು ನೋಡಿದರೆ ಹದಿನೇಳು ಸುರುಳಿಗಳಲ್ಲಿ ಆರಕ್ಕೆ ಗೆದ್ದಲು ಹಿಡಿದಿತ್ತು.

ಇದರಲ್ಲಿ ಯಾರು ತಪ್ಪು ಮಾಡಿದರು ಹೇಳಿ? ನಾನು ತುಂಬಾ ಯೋಚಿಸಿದ್ದೇನೆ. ಯಾರೂ ಬೇಕು ಅಂತ ಮಾಡಲಿಲ್ಲ. ಎಲ್ಲರೂ ತಮ್ಮ ತಮ್ಮ ಆದೇಶ ಪಾಲಿಸಿದರು. ನನಗೆ ಹೆಚ್ಚು ಸಂಕಟ ಆಗುವುದು ಅದಕ್ಕೇ. ಶತ್ರು ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಇದು ನನ್ನೊಬ್ಬನ ಬೀರುವಿನ ಕಥೆ ಅಂದುಕೊಳ್ಳಬೇಡಿ. ನಿಮಗೆ ಗೊತ್ತಿರುವುದನ್ನೇ ನೆನಪಿಸುತ್ತೇನೆ. 2021ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿ ಅದೇ ವರ್ಷದಿಂದಲೇ ಪದವಿ ತರಗತಿಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿ ತಂದಿರಿ. ದೇಶದಲ್ಲೇ ನಾವು ಮೊದಲು ಅಂತ ಹೇಳಿಕೊಂಡಿರಿ. ಆ ವರ್ಷ ಕ್ಲಾಸು ಶುರುವಾಗಿ ಎಷ್ಟೋ ದಿನದವರೆಗೆ ನಮ್ಮ ಕೈಗೆ ಸಿಲಬಸ್ಸೇ ಬಂದಿರಲಿಲ್ಲ. ಮಕ್ಕಳು, 'ಸಾರ್, ನಾವು ಮೂರು ವರ್ಷ ಓದ್ಬೇಕಾ, ನಾಲ್ಕು ವರ್ಷನಾ' ಅಂತ ಕೇಳುತ್ತಿದ್ದರು. ನನ್ನ ಹತ್ತಿರ ಸ್ಪಷ್ಟ ಉತ್ತರ ಇರಲಿಲ್ಲ. 2023ರಲ್ಲಿ ಸರ್ಕಾರ ಬದಲಾಯಿತು, ರಾಜ್ಯ ಶಿಕ್ಷಣ ನೀತಿಗೆ ಆಯೋಗ ಆಯಿತು. ಆಯೋಗದ ಮಧ್ಯಂತರ ವರದಿ ಇಟ್ಟುಕೊಂಡು 2024ರ ಮೇ ತಿಂಗಳಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಆದೇಶ ಬಂತು, ಅದೂ ಅದೇ ವರ್ಷದಿಂದಲೇ. ಅಂತಿಮ ವರದಿ ಬಂದದ್ದು 2025ರ ಆಗಸ್ಟ್‌ನಲ್ಲಿ. ಅಂದರೆ ವರದಿಗಿಂತ ಒಂದು ವರ್ಷ ಮೊದಲೇ ಬದಲಾವಣೆ ಬಂದಿತ್ತು. ಹಳೆ ಬ್ಯಾಚಿನವರಿಗೆ ಹಳೆ ಪದ್ಧತಿಯಲ್ಲೇ ಮುಗಿಸಲು ಬಿಟ್ಟಿರಿ, ಅದು ಒಳ್ಳೆಯದಾಯಿತು. ಆದರೆ ಒಂದೇ ಕಾರಿಡಾರಿನಲ್ಲಿ ಎಡಗಡೆ ರೂಮಿಗೆ ಒಂದು ಪದ್ಧತಿ, ಬಲಗಡೆ ರೂಮಿಗೆ ಇನ್ನೊಂದು ಪದ್ಧತಿ ಇಟ್ಟುಕೊಂಡು ಪಾಠ ಮಾಡಿದವರು ನಾವು.

ಆ ನೀತಿ ಸರಿ, ಈ ನೀತಿ ತಪ್ಪು ಅಂತ ಹೇಳಲು ನಾನು ಬಂದಿಲ್ಲ. ಎರಡರಲ್ಲೂ ಒಳ್ಳೆಯದು ಕಂಡಿದ್ದೇನೆ, ಎರಡರಲ್ಲೂ ಗೊಂದಲ ಕಂಡಿದ್ದೇನೆ. ನಾಲ್ಕು ವರ್ಷದ ಪದವಿ ಬಡ ಮನೆಯ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಭಾರ ಅನ್ನುವ ವಾದ ನನಗೆ ಒಪ್ಪಿಗೆಯೇ. ಆದರೆ ಒಂದು ಪದ್ಧತಿ ಒಳ್ಳೆಯದೋ ಕೆಟ್ಟದ್ದೋ ಅಂತ ಗೊತ್ತಾಗಬೇಕಾದರೆ ಅದು ಒಂದಷ್ಟು ಕಾಲ ನಡೆಯಬೇಕು ತಾನೆ? ಮೊದಲ ಬ್ಯಾಚು ಹೊರಗೆ ಬರುವ ಹೊತ್ತಿಗೇ ಪದ್ಧತಿಯನ್ನು ಎತ್ತಿಟ್ಟರೆ ನಾವು ಕಲಿಯುವುದು ಯಾವುದರಿಂದ?

ಶಾಲೆಗಳಲ್ಲೂ ಇದೇ ಆಯಿತು. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆ, ಬೀದಿ ಜಗಳ. 2023ರ ಜೂನ್‌ನಲ್ಲಿ ಹೊಸ ಸಂಪುಟದ ಮೊದಲ ತೀರ್ಮಾನಗಳಲ್ಲೇ ಅದನ್ನು ತಿರುಗಿಸುವುದೂ ಒಂದಾಗಿತ್ತು. ಅಷ್ಟರಲ್ಲಿ ಪುಸ್ತಕ ಅಚ್ಚಾಗಿ ಹೋಗಿತ್ತು. ಯಾವ ಪಾಠ ಬಿಡಬೇಕು, ಯಾವುದನ್ನು ಸೇರಿಸಿ ಓದಬೇಕು ಅಂತ ಒಂದು ಪುಸ್ತಿಕೆ ಹೊರಟಿತು. ನನ್ನ ಅಣ್ಣನ ಮಗಳು ಹತ್ತನೇ ಕ್ಲಾಸು ಆಗ. ಪುಸ್ತಕದಲ್ಲಿ ಒಂದು ಪಾಠದ ಮೇಲೆ ಪೆನ್ಸಿಲಿನಲ್ಲಿ ದೊಡ್ಡ ಗುಣಿಸು ಗುರುತು ಹಾಕಿದ್ದಳು. 'ಇದು ಇಲ್ವಂತೆ ಚಿಕ್ಕಪ್ಪ' ಅಂದಳು. ಯಾಕೆ ಇತ್ತು, ಯಾಕೆ ಹೋಯಿತು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಗೆದ್ದವರು ಪುಸ್ತಕ ಬದಲಿಸುತ್ತಾರೆ ಅನ್ನುವುದಷ್ಟೇ ಆ ಮಗು ಕಲಿತ ಇತಿಹಾಸ.

ವಿಶ್ವವಿದ್ಯಾಲಯಗಳ ಕಥೆ ನಿಮಗೇ ಚೆನ್ನಾಗಿ ಗೊತ್ತು. ಒಂದು ಸರ್ಕಾರ ಜಿಲ್ಲೆ ಜಿಲ್ಲೆಗೂ ಹೊಸ ವಿಶ್ವವಿದ್ಯಾಲಯ ತೆರೆಯಿತು, ಕಟ್ಟಡ ಇಲ್ಲ, ಕಾಯಂ ಮೇಷ್ಟ್ರು ಇಲ್ಲ, ಹಣ ಇಲ್ಲ. ಎರಡು ವರ್ಷ ಕಳೆದು 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಅವುಗಳಲ್ಲಿ ಒಂಬತ್ತನ್ನು ಮುಚ್ಚಬಹುದು ಅಂತ ಹೇಳಿತು. ತೆರೆದದ್ದೂ ಅವಸರದಲ್ಲಿ, ಮುಚ್ಚುವ ಮಾತೂ ಅವಸರದಲ್ಲಿ. ನಡುವೆ ಸೇರಿಕೊಂಡ ಎಂಎ ಮಕ್ಕಳಿಗೆ ತಮ್ಮ ಸರ್ಟಿಫಿಕೇಟಿನ ಮೇಲಿನ ಹೆಸರು ನಾಳೆ ಇರುತ್ತದೋ ಇಲ್ಲವೋ ಅನ್ನುವ ಚಿಂತೆ.

ಇಷ್ಟು ಹೇಳಿದ ಮೇಲೆ ನೀವು, 'ಹಾಗಾದರೆ ಸ್ಥಿರ ಸರ್ಕಾರ ಬೇಕು ಅಂತ ನಿಮ್ಮ ಮಾತು, ನಮಗೇ ಮತ್ತೆ ವೋಟು ಹಾಕಿ' ಅನ್ನಬಹುದು. ಎರಡೂ ಕಡೆಯವರು ಅನ್ನಬಹುದು. ಇಲ್ಲಿ ಸ್ವಲ್ಪ ನಿಲ್ಲಬೇಕು. 1985ರ ನಂತರ ಈ ರಾಜ್ಯದ ಜನ ಯಾವ ಆಡಳಿತ ಪಕ್ಷವನ್ನೂ ಚುನಾವಣೆಯಲ್ಲಿ ಮತ್ತೆ ಗೆಲ್ಲಿಸಿ ಕೂರಿಸಿಲ್ಲ. 2008ರಿಂದ 2013ರ ಒಳಗೆ ಒಂದೇ ಪಕ್ಷದ ಮೂವರು ಮುಖ್ಯಮಂತ್ರಿಗಳನ್ನು ನೋಡಿದೆವು. 2018ರಿಂದ 2023ರ ಒಳಗೂ ಮೂವರು. ಸರ್ಕಾರ ಬದಲಿಸುವುದು ಜನರ ಹಕ್ಕು, ಅದನ್ನು ಬಿಟ್ಟುಕೊಡಿ ಅಂತ ನಾನು ಯಾವತ್ತೂ ಹೇಳಲಾರೆ. ನಾನೂ ಬದಲಿಸಿದ್ದೇನೆ. ನಾನು ಕೇಳುತ್ತಿರುವ ಸ್ಥಿರತೆ ಬೇರೆ. ಅದು ಏನು ಅಂತ ನಮ್ಮದೇ ನೆಲದ ಎರಡು ಕೆಲಸ ಹೇಳುತ್ತವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಿಮಗೆಲ್ಲ ಗೊತ್ತು. ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುವುದು. ಜಮ್‌ಷೆಡ್‌ಜಿ ಟಾಟಾ ಈ ಮಾತು ಎತ್ತಿದ್ದು 1898ರ ಹೊತ್ತಿಗೆ. ಆಗ ಮೈಸೂರಿನಲ್ಲಿ ಮಹಾರಾಜರು ತೀರಿಕೊಂಡು, ಮಗ ಇನ್ನೂ ಚಿಕ್ಕವನು ಅಂತ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟ್ ಆಗಿ ರಾಜ್ಯ ನೋಡಿಕೊಳ್ಳುತ್ತಿದ್ದರು. ಶೇಷಾದ್ರಿ ಅಯ್ಯರ್ ದಿವಾನರು. 1901ರಲ್ಲಿ ಶೇಷಾದ್ರಿ ಅಯ್ಯರ್ ಹೋದರು. 1902ರಲ್ಲಿ ಮಹಾರಾಣಿಯವರು ಅಧಿಕಾರವನ್ನು ಮಗ ನಾಲ್ವಡಿ ಕೃಷ್ಣರಾಜ ಒಡೆಯರ ಕೈಗೆ ಕೊಟ್ಟರು. 1904ರಲ್ಲಿ ಟಾಟಾ ಅವರೇ ಸತ್ತರು. ದಿವಾನರು ಒಬ್ಬರಾದ ಮೇಲೆ ಒಬ್ಬರು ಬಂದು ಹೋದರು. ನಿಲ್ಲಬೇಕಾಗಿದ್ದರೆ ಆ ಕೆಲಸಕ್ಕೆ ನಿಲ್ಲಲು ನೆಪ ಎಷ್ಟು ಬೇಕಾದರೂ ಇತ್ತು! ಆದರೆ ಮೈಸೂರು ಕೊಟ್ಟ ಮಾತು ತಪ್ಪಲಿಲ್ಲ. 371 ಎಕರೆ ಭೂಮಿ ಕೊಟ್ಟಿತು, ವರ್ಷ ವರ್ಷ ಹಣ ಕೊಟ್ಟಿತು. 1909ರಲ್ಲಿ ಸಂಸ್ಥೆ ಆಯಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಮಾತು ಎತ್ತಿದವರೂ ಇರಲಿಲ್ಲ, ಮಾತು ಕೊಟ್ಟ ದಿವಾನರೂ ಇರಲಿಲ್ಲ. ಹೊಸದಾಗಿ ಬಂದ ದಿವಾನರು, ಇದು ಹಿಂದಿನವರ ಯೋಜನೆ ಅಂತ ಕಡತ ಮಡಚಿ ಇಟ್ಟಿದ್ದರೆ ಇವತ್ತಿನ ಬೆಂಗಳೂರೇ ಬೇರೆ ಆಗಿರುತ್ತಿತ್ತು.

ಇನ್ನೊಂದು ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು. ಎಂಟು ಸಂಪುಟ. ಕೆಲಸ ಶುರುವಾದದ್ದು 1940ರ ದಶಕದಲ್ಲಿ, ಮಹಾರಾಜರ ಕಾಲದಲ್ಲಿ. ಮೊದಲ ಸಂಪುಟ ಬಂದದ್ದು 1970ರಲ್ಲಿ, ಕೊನೆಯದು 1995ರಲ್ಲಿ. ಅಷ್ಟರೊಳಗೆ ದೇಶಕ್ಕೆ ಸ್ವಾತಂತ್ರ್ಯ ಬಂತು, ಮಹಾರಾಜರ ಆಳ್ವಿಕೆ ಹೋಯಿತು, 1956ರಲ್ಲಿ ನಾಡು ಒಂದಾಯಿತು, 1973ರಲ್ಲಿ ಹೆಸರು ಕರ್ನಾಟಕ ಆಯಿತು, ಮುಖ್ಯಮಂತ್ರಿಗಳು ಎಷ್ಟು ಜನ ಬಂದರು ಅಂತ ನೀವೇ ಎಣಿಸಿ. ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ಶಾಸನ, ಕಾವ್ಯ, ಜನರ ಮಾತು ಎಲ್ಲದರಿಂದ ಶಬ್ದ ಹೆಕ್ಕಿ ಚೀಟಿ ಮಾಡಿ ಜೋಡಿಸುತ್ತಾ ಕೂತರು. ಒಂದು ಚೀಟಿಗೆ ಅರ್ಥ ಬರುವುದು ಸಾವಿರಾರು ಚೀಟಿ ಪಕ್ಕದಲ್ಲಿ ಇದ್ದಾಗ ಮಾತ್ರ. ಅರ್ಧಕ್ಕೆ ನಿಂತ ನಿಘಂಟು ಬರೀ ರದ್ದಿ. ನಮ್ಮ ಬಿಕಾಂ ಹುಡುಗಿ ವೀರಗಲ್ಲಿನ ಶಬ್ದ ಹುಡುಕಿದ್ದು ಇದೇ ಸಂಪುಟಗಳಲ್ಲಿ. ಅವಳು ಹುಟ್ಟುವ ಮೊದಲು ಐವತ್ತು ವರ್ಷ ಕೂತು ಮಾಡಿದ ಕೆಲಸ ಅವಳ ಕೈಗೆ ಸಿಕ್ಕಿತು. ನಾನು ಸ್ಥಿರತೆ ಅನ್ನುವುದು ಇದಕ್ಕೆ.

ವಿದ್ಯೆಯ ಕೆಲಸಕ್ಕೂ ಚುನಾವಣೆಯ ಗಡಿಯಾರಕ್ಕೂ ಹೊಂದುವುದಿಲ್ಲ ಸ್ವಾಮಿ. ರೈಸ್ ಶಾಸನ ಸಂಪುಟಗಳನ್ನು ಹೊರತಂದದ್ದು 1886ರಿಂದ 1905ರವರೆಗೆ. ಹನ್ನೆರಡು ಸಂಪುಟ, ಎಂಟು ಸಾವಿರಕ್ಕೂ ಹೆಚ್ಚು ಶಾಸನ. ಮೈಸೂರಿನಲ್ಲಿ 1891ರಲ್ಲಿ ಓಲೆಗರಿ ಇಡಲು ಒಂದು ಭಂಡಾರ ಕಟ್ಟಿ, ಅದಕ್ಕೆ ಪಂಡಿತರನ್ನು ಇಟ್ಟು ಸಂಬಳ ಕೊಡುತ್ತಾ ಬಂದರು. ಹದಿನಾಲ್ಕು ವರ್ಷ ಆದ ಮೇಲೆ, 1905ರಲ್ಲಿ, ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿ ಕಟ್ಟಿನಲ್ಲಿ ಆ ಭಂಡಾರದ ಪಂಡಿತ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಕಳೆದೇ ಹೋಗಿದೆ ಅಂತ ಲೋಕ ಕೈಬಿಟ್ಟಿದ್ದ ಗ್ರಂಥ ಅದು. ಆ ಹದಿನಾಲ್ಕು ವರ್ಷದಲ್ಲಿ ಯಾರಾದರೂ 'ಈ ಭಂಡಾರದಿಂದ ಏನು ಪ್ರಯೋಜನ' ಅಂತ ಬೀಗ ಹಾಕಿದ್ದರೆ ಆ ಕಟ್ಟು ಯಾವ ಅಟ್ಟದ ಮೇಲೆ ಕೊಳೆಯುತ್ತಿತ್ತೋ.

ಮೈಸೂರಿನ ಕಾಲವನ್ನು ನಾನು ಹಾಡಿ ಹೊಗಳುತ್ತಿಲ್ಲ. ಅದು ರಾಜರ ಆಳ್ವಿಕೆ, ಜನರ ಸರ್ಕಾರ ಅಲ್ಲ. ಓದು ಮತ್ತು ನೌಕರಿ ಬಹುಪಾಲು ಒಂದೇ ಸಮುದಾಯದ ಕೈಯಲ್ಲಿತ್ತು. ನಾಲ್ವಡಿಯವರು 1918ರಲ್ಲಿ, ಉಳಿದ ಸಮುದಾಯಗಳಿಗೂ ನೌಕರಿಯಲ್ಲಿ ಪಾಲು ಸಿಗುವುದು ಹೇಗೆ ಅಂತ ನೋಡಲು, ಮಿಲ್ಲರ್ ಸಮಿತಿ ಮಾಡಿದ್ದೇ ಅದಕ್ಕೆ. ನನ್ನ ಅಜ್ಜ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಲ್ಲರ ಮಕ್ಕಳೂ ಕಾಲೇಜಿಗೆ ಬರುತ್ತಿರುವುದು ಜನರ ಸರ್ಕಾರಗಳ ಕಾಲದಲ್ಲಿ, ನಿಮ್ಮ ಕಾಲದಲ್ಲಿ. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು. ಇವರೆಲ್ಲ ಬಂದ ಹೊತ್ತಿಗೆ ಮನೆಯ ಕಂಬಗಳೇ ಅಲ್ಲಾಡುವಂತಾದರೆ ಹೇಗೆ?

ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬ ಕನ್ನಡ ಮೇಷ್ಟ್ರಿದ್ದಾರೆ. ಈ ಪತ್ರ ಬರೆಯುತ್ತೇನೆ ಅಂದಾಗ ಅವರು ಒಂದು ಪ್ರಶ್ನೆ ಹಾಕಿದರು. 'ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಏನು ಸ್ಥಿರತೆ ಇತ್ತು? ಬಿಜ್ಜಳ ಚಾಲುಕ್ಯರ ಸಿಂಹಾಸನ ಕಿತ್ತುಕೊಂಡ ಕಾಲ ಅದು. ಕನ್ನಡದ ಅತಿ ದೊಡ್ಡ ವಿಚಾರ ಹುಟ್ಟಿದ್ದು ಆವಾಗಲೇ ಅಲ್ವಾ?' ನಿಜ. ಉತ್ತರ ಹುಡುಕಲು ನನಗೆ ಎರಡು ದಿನ ಬೇಕಾಯಿತು. ವಿಚಾರ ಹುಟ್ಟಲು ಸರ್ಕಾರದ ಅಪ್ಪಣೆ ಬೇಕಿಲ್ಲ, ಕಿಚ್ಚಿನ ನಡುವೆಯೂ ಹುಟ್ಟುತ್ತದೆ. ಆದರೆ ಕಲ್ಯಾಣ ಹತ್ತಿ ಉರಿದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ದಾರಿ ಹಿಡಿಯಬೇಕಾಯಿತು. ದಾರಿಯಲ್ಲಿ ಎಷ್ಟು ಹೋದವೋ ಯಾರಿಗೆ ಗೊತ್ತು. ಅವನ್ನು ಮತ್ತೆ ಒಟ್ಟುಗೂಡಿಸಿ, ಜೋಡಿಸಿ, ಚರ್ಚೆ ಮಾಡುವ ಕೆಲಸ ದೊಡ್ಡ ಮಟ್ಟದಲ್ಲಿ ನಡೆದದ್ದು ಹದಿನೈದನೇ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಅವನ ದಂಡನಾಯಕ ಲಕ್ಕಣ್ಣ ದಂಡೇಶನಂಥವರು ಇದ್ದಾಗ. ನಡುವೆ ಇನ್ನೂರೈವತ್ತು ವರ್ಷ. ಆಮೇಲೆ ಮತ್ತೆ ಅವು ಮಠಗಳ, ಮನೆಗಳ ಮೂಲೆ ಸೇರಿದವು. ಇಪ್ಪತ್ತನೇ ಶತಮಾನದಲ್ಲಿ ಫ.ಗು. ಹಳಕಟ್ಟಿಯವರು ಮನೆ ಮಾರಿ ಮುದ್ರಣಾಲಯ ಹಾಕಿ ಅಚ್ಚು ಮಾಡಬೇಕಾಯಿತು. ಒಬ್ಬ ಮನುಷ್ಯ ತನ್ನ ಮನೆ ಮಾರಿ ಉಳಿಸುವಂಥ ಸ್ಥಿತಿ ಬರಬಾರದು ಅನ್ನುವುದಕ್ಕೇ ನಾವು ಸರ್ಕಾರ ಅಂತ ಕಟ್ಟಿಕೊಂಡಿರುವುದು.

ಇದೇ ಮಾತಿನ ಇನ್ನೊಂದು ಮಗ್ಗುಲನ್ನೂ ಹೇಳದೆ ಬಿಟ್ಟರೆ ಮೋಸ ಆಗುತ್ತದೆ. ಗದ್ದಲ ಇಲ್ಲದೇ ಇರುವುದೆಲ್ಲ ಸ್ಥಿರತೆ ಅಲ್ಲ. 1975ರಿಂದ 1977ರವರೆಗೆ ತುರ್ತು ಪರಿಸ್ಥಿತಿಯಲ್ಲಿ ದೇಶ ಶಾಂತವಾಗಿದೆ, ರೈಲು ಸರಿಯಾದ ಸಮಯಕ್ಕೆ ಬರುತ್ತಿದೆ ಅನ್ನುತ್ತಿದ್ದರಂತೆ. ಆಗ ಶಿವರಾಮ ಕಾರಂತರು ಪದ್ಮಭೂಷಣವನ್ನು ವಾಪಸ್ ಕೊಟ್ಟರು. ನಟಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಉಸಿರಾಟದ ಕಾಯಿಲೆ ಜೋರಾಗಿ, ಅವರು ಬಿಡುಗಡೆಯಾದ ಸ್ವಲ್ಪ ದಿನಕ್ಕೇ 1977ರ ಜನವರಿಯಲ್ಲಿ ತೀರಿಕೊಂಡರು. ಬಾಯಿ ಮುಚ್ಚಿಸಿ ತಂದ ಶಾಂತಿಯಲ್ಲಿ ವಿದ್ಯೆ ಬೆಳೆಯುವುದಿಲ್ಲ. ಇನ್ನು 2015ರ ಆಗಸ್ಟ್ 30. ರಾಜ್ಯದಲ್ಲಿ ಪೂರ್ಣ ಬಹುಮತದ ಸರ್ಕಾರ ಇತ್ತು, ಯಾವ ಅಸ್ಥಿರತೆಯೂ ಇರಲಿಲ್ಲ. ಬೆಳಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ವಚನಗಳನ್ನೂ ಶಾಸನಗಳನ್ನೂ ಓದಿ ಓದಿ ಕಣ್ಣು ಸವೆಸಿದ ಮೇಷ್ಟ್ರು ಅವರು. ಆ ವಾರ ನಾನು ಕ್ಲಾಸಿನಲ್ಲಿ ವಚನದ ವಿಷಯ ತೆಗೆಯಲು ಹೆದರಿದೆ. ಹೌದು, ಹೆದರಿದೆ. ಹಾಗಾಗಿ ನಾನು ಸ್ಥಿರತೆ ಅಂದಾಗ, ಪ್ರಶ್ನೆ ಕೇಳಿದವನು ಸಂಜೆ ನಿಶ್ಚಿಂತೆಯಿಂದ ಮನೆಗೆ ಹೋಗಬಹುದು ಅನ್ನುವ ಭರವಸೆಯೂ ಅದರಲ್ಲಿ ಸೇರಿದೆ.

ಈಗ ನಮ್ಮ ಸ್ಥಿತಿಗೆ ಬನ್ನಿ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ನನ್ನಂಥ ಅತಿಥಿ ಉಪನ್ಯಾಸಕರು ಹತ್ತು ಸಾವಿರಕ್ಕೂ ಜಾಸ್ತಿ ಇದ್ದೇವೆ. ಪ್ರತಿ ವರ್ಷ ಬಿಡುಗಡೆ, ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್. ರಜೆಯ ತಿಂಗಳಲ್ಲಿ ಗೌರವಧನ ಇಲ್ಲ. ಸಂಬಳದ ಮಾತು ಬೇರೆ ಕಡೆ ಬೇಕಾದಷ್ಟು ಆಡಿದ್ದೇವೆ, ಇಲ್ಲಿ ಬೇಡ. ಮುಂದಿನ ವರ್ಷ ಯಾವ ಊರಲ್ಲಿ ಇರುತ್ತೇನೆ ಅಂತ ಗೊತ್ತಿಲ್ಲದ ಮೇಷ್ಟ್ರು ಮೂರು ವರ್ಷ ಹಿಡಿಯುವ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ, ನಾನು ಹೇಳಬೇಕಾದದ್ದು ಇಷ್ಟು. ಅವನು ಗೈಡು ನೋಡಿ ನೋಟ್ಸ್ ಬರೆಸುತ್ತಾನೆ, ಅವನ ತಪ್ಪಲ್ಲ. ಕೆರೆ ಏರಿಯ ಕಲ್ಲು ಇನ್ನೊಂದು ನೂರು ವರ್ಷ ಎಣ್ಣೆ ಕುಡಿಯುತ್ತಾ ಕೂರುತ್ತದೆ.

ನನ್ನ ಕೋರಿಕೆಗಳು ದೊಡ್ಡವಲ್ಲ.

ಪದವಿಯ ಪದ್ಧತಿಯಾಗಲಿ ಶಾಲೆಯ ಪಠ್ಯವಾಗಲಿ, ಬದಲಿಸಲೇಬೇಕಾದರೆ ಬದಲಿಸಿ. ಆದರೆ ಆದೇಶ ಬಂದ ದಿನಕ್ಕೂ ಕ್ಲಾಸಿಗೆ ಬರುವ ದಿನಕ್ಕೂ ನಡುವೆ ಕನಿಷ್ಠ ಒಂದು ಪೂರ್ತಿ ವರ್ಷ ಇರಲಿ. ಆ ವರ್ಷದಲ್ಲಿ ಸಿಲಬಸ್ಸು, ಪುಸ್ತಕ, ಮೇಷ್ಟ್ರ ತರಬೇತಿ ಎಲ್ಲ ಮುಗಿಯಲಿ. ಯಾಕೆ ಬದಲಾವಣೆ ಅಂತ ಕಾರಣವನ್ನು ಸರಳ ಕನ್ನಡದಲ್ಲಿ ಬರೆದು ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಿ. ಒಂದು ಪದ್ಧತಿಯ ಕನಿಷ್ಠ ಎರಡು ಬ್ಯಾಚು ಮುಗಿಸಿ ಹೊರಬಂದು, ಅವರನ್ನು ಕೇಳಿ, ಆಮೇಲೆ ಕೈ ಹಾಕಿ.

ಕುಲಪತಿಗಳ ಅವಧಿ ನಾಲ್ಕು ವರ್ಷ. ಅದು ಮುಗಿಯುವ ದಿನ ಅವರು ಬಂದು ಕೂತ ಮೊದಲ ದಿನವೇ ಎಲ್ಲರಿಗೂ ಗೊತ್ತಿರುತ್ತದೆ. ಆಮೇಲೂ ತಿಂಗಳುಗಟ್ಟಲೆ ಪ್ರಭಾರ ಯಾಕೆ? ಸರ್ಕಾರಕ್ಕೂ ರಾಜಭವನಕ್ಕೂ ಇರುವ ಎಳೆದಾಟದಲ್ಲಿ ಆ ಕುರ್ಚಿ ಖಾಲಿ ಬೀಳದ ಹಾಗೆ, ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಹೆಸರು ತೀರ್ಮಾನ ಆಗಬೇಕು ಅಂತ ಕಾನೂನಿನಲ್ಲೇ ಬರೆಯಿರಿ. ಬರೆಯುವ ಅಧಿಕಾರ ನಿಮ್ಮದೇ.

ಶಾಸನ, ಓಲೆಗರಿ, ನಿಘಂಟು, ವಿಶ್ವಕೋಶ, ಜಾನಪದ ಸಂಗ್ರಹ, ಇಂಥ ನಿಧಾನದ ಕೆಲಸಗಳಿಗೆ ವರ್ಷ ವರ್ಷ ಬಜೆಟ್ಟಿನ ಬಾಗಿಲಲ್ಲಿ ಕಾಯುವ ಗತಿ ಬೇಡ. ಹತ್ತು ವರ್ಷಕ್ಕೆ ಸಾಕಾಗುವ ಇಡುಗಂಟು ಒಮ್ಮೆಗೇ ಕೊಟ್ಟುಬಿಡಿ. ಅದನ್ನು ನಿಲ್ಲಿಸಬೇಕಾದರೆ ಸದನದಲ್ಲಿ ಚರ್ಚೆ ಆಗಿ, ಕಾರಣ ದಾಖಲಾಗಿ ನಿಲ್ಲಲಿ. ಕನ್ನಡಕ್ಕೆ ಅಂತಲೇ ಹಂಪಿಯಲ್ಲಿ ಕಟ್ಟಿದ ವಿಶ್ವವಿದ್ಯಾಲಯ ಅನುದಾನಕ್ಕಾಗಿ ಪರದಾಡುವ ಸುದ್ದಿ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಎಲ್ಲ ಪಕ್ಷದ ನಾಯಕರೂ ನವೆಂಬರ್ ಒಂದಕ್ಕೆ ಹಳದಿ ಕೆಂಪು ಶಾಲು ಹಾಕಿಕೊಳ್ಳುತ್ತೀರಿ. ಈ ಒಂದು ವಿಷಯದಲ್ಲಾದರೂ ನೀವು ಒಟ್ಟಿಗೆ ನಿಲ್ಲುತ್ತೀರಿ ಅಂತ ನಾನು ನಿಜಕ್ಕೂ ನಂಬಿದ್ದೇನೆ.

ಅತಿಥಿ ಉಪನ್ಯಾಸಕರನ್ನು ಇಟ್ಟುಕೊಳ್ಳುವುದಾದರೆ ಕನಿಷ್ಠ ಮೂರು ವರ್ಷಕ್ಕೆ, ಒಂದೇ ಕಾಲೇಜಿಗೆ ಅಂತ ಇಟ್ಟುಕೊಳ್ಳಿ. ಒಂದು ಬ್ಯಾಚನ್ನು ಸೇರಿದ ದಿನದಿಂದ ಹೊರಡುವ ದಿನದವರೆಗೆ ನೋಡುವ ಭಾಗ್ಯ ಸಿಗಲಿ. ಖಾಲಿ ಹುದ್ದೆ ತುಂಬಿದರೆ ಇನ್ನೂ ಒಳ್ಳೆಯದು, ಅದನ್ನು ಬೇರೆ ಹೇಳಬೇಕಾಗಿಲ್ಲ.

ಮುಂದಿನ ಅಧಿವೇಶನದಲ್ಲಿ ಇದಕ್ಕೆ ಅರ್ಧ ದಿನ ಕೊಡಿ. ಯಾರು ಯಾವಾಗ ಏನು ಕೆಡಿಸಿದರು ಅನ್ನುವ ಲೆಕ್ಕ ಆ ಅರ್ಧ ದಿನದ ಮಟ್ಟಿಗೆ ಬೇಡ. ಯಾವ ಯಾವ ಕೆಲಸವನ್ನು ಯಾರೇ ಗೆದ್ದರೂ ಮುಟ್ಟುವುದಿಲ್ಲ ಅಂತ ಒಂದು ಪಟ್ಟಿ ಮಾಡಿ, ಎಲ್ಲ ಪಕ್ಷದ ನಾಯಕರೂ ಸಹಿ ಹಾಕಿ. ಆ ಪಟ್ಟಿಯಲ್ಲಿ ಐದೇ ಕೆಲಸ ಇದ್ದರೂ ಸಾಕು.

ನಮ್ಮ ಬೀರುವಿನಲ್ಲಿ ಇನ್ನೂ ಹನ್ನೊಂದು ಪಡಿಯಚ್ಚು ಚೆನ್ನಾಗಿವೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬೇವಿನ ಎಲೆ ಹಾಕಿ ಇಟ್ಟಿದ್ದೇನೆ. ಆ ಬಿಕಾಂ ಹುಡುಗಿ ಈಗ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಹೋದ ತಿಂಗಳು ಫೋನ್ ಮಾಡಿದ್ದಳು. ಗೆದ್ದಲು ತಿಂದ ಆರನ್ನು ಮತ್ತೆ ತೆಗೆಯೋಣ ಸಾರ್, ಭಾನುವಾರ ನಾನು ಬರ್ತೀನಿ, ಇನ್ನು ನಾಲ್ಕು ಜನ ಬರ್ತಾರೆ ಅಂದಳು. ಕಾಗದ, ಮಸಿ ನಾವೇ ತರುತ್ತೇವೆ. ಅಚ್ಚಾದ ಮೇಲೆ ಅವನ್ನು ಇಡಲು ಮುಂದಿನ ಚುನಾವಣೆಯ ನಂತರವೂ ಬೀಗ ಬೀಳದ ಒಂದು ಕೋಣೆ ಮಾತ್ರ ನೀವು ಕೊಡಬೇಕು.

ವಂದನೆಗಳೊಂದಿಗೆ,

ಒಬ್ಬ ಅತಿಥಿ ಉಪನ್ಯಾಸಕ
ಇತಿಹಾಸ ವಿಭಾಗ, ಸರ್ಕಾರಿ ಪದವಿ ಕಾಲೇಜು